ಎರಡು ಲಕ್ಷ ಓಡಿದ ಡೀಸೆಲ್ ಕಾರು: ಲಕ್ಷಣ ನೋಡಿ ಮನೆಯಲ್ಲೇ ದೋಷ ಹುಡುಕುವುದು ಹೇಗೆ

ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ಕಾರು ಮಾರುವುದನ್ನೇ ಬಿಟ್ಟಿತು. ಆದರೂ ಬೆಂಗಳೂರಿನಲ್ಲಿ ಹಳೆಯ ಡೀಸೆಲ್ ಸ್ವಿಫ್ಟ್, ಎರ್ಟಿಗಾ, ಎಟಿಯೋಸ್, ಇನ್ನೋವಾ ಇವತ್ತಿಗೂ ಎಷ್ಟೊಂದು ಓಡುತ್ತಿವೆ ಅಲ್ವಾ. ಊರಿಗೆ, ಮದುವೆಗೆ, ಧರ್ಮಸ್ಥಳಕ್ಕೆ ಅಂತ ಓಡಿ ಓಡಿ ಮೀಟರ್ ಒಂದೂವರೆ ಲಕ್ಷ, ಎರಡು ಲಕ್ಷ ದಾಟಿರುತ್ತದೆ. ಹದಿನೈದು ವರ್ಷ ಆದ ಮೇಲೂ ಇಲ್ಲಿ ಆರ್‌ಸಿ ನವೀಕರಿಸಿಕೊಂಡು ಓಡಿಸಬಹುದು, ಹಾಗಾಗಿ ಮಾರುವ ಮನಸ್ಸೂ ಯಾರಿಗೂ ಬರುವುದಿಲ್ಲ.

ತೊಂದರೆ ಏನೆಂದರೆ, ಇಷ್ಟು ಓಡಿದ ಗಾಡಿ ಸ್ವಲ್ಪ ಹೊಗೆ ಬಿಟ್ಟರೆ ಸಾಕು, "ಸರ್, ಎಂಜಿನ್ ಕೆಲಸಕ್ಕೆ ಬಂದಿದೆ", "ನಾಲ್ಕೂ ಇಂಜೆಕ್ಟರ್ ಚೇಂಜ್ ಮಾಡ್ಬೇಕು" ಅನ್ನುವ ಮಾತು ಬಂದುಬಿಡುತ್ತದೆ. ಮೀಟರ್‌ನಲ್ಲಿ ಕಾಣುವ ಕಿಲೋಮೀಟರೇ ರೋಗ ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ ಹಳೇ ಡೀಸೆಲ್ ಗಾಡಿಯ ಹೆಚ್ಚಿನ ದೂರುಗಳು ಶುರುವಾಗುವುದು ಫಿಲ್ಟರ್, ಹೋಸ್ ಪೈಪ್, ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ಇಂಥ ಕಡಿಮೆ ಬೆಲೆಯ ಜಾಗದಲ್ಲೇ. ಅವನ್ನು ನೋಡಿ ಮುಗಿಸುವ ತನಕ ಎಂಜಿನ್‌ಗೆ ಡೀಸೆಲ್ ಚಿಮ್ಮುವ ಇಂಜೆಕ್ಟರ್‌ಗೋ ಗಾಳಿ ಒತ್ತಿ ತುಂಬುವ ಟರ್ಬೊಗೋ ಕೈ ಹಾಕಲು ಯಾರಿಗೂ ಬಿಡಬೇಡಿ.

ಶುರು ಮಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ತೊಂದರೆ ಬರುವುದು ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟನೇ ಗೇರಿನಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ, ಎಸಿ ಹಾಕಿದಾಗಲೋ, ಡೀಸೆಲ್ ಹಾಕಿಸಿದ ಮಾರನೆಯ ದಿನವೋ. ಇದಕ್ಕೆ ಕಾಸು ಖರ್ಚಿಲ್ಲ, ಆದರೆ ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ. ಸಾಮಾನು ಅಂತ ಬೇಕಾಗುವುದು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್, ಟಾರ್ಚ್, ಸ್ಪ್ಯಾನರ್ ಸೆಟ್, ಹಳೇ ಬಟ್ಟೆ, ಒಂದು ಗಾಜಿನ ಬಾಟಲಿ. ಎಸ್‌ಜೆಪಿ ರಸ್ತೆಗೆ ಹೋದರೆ ಟೂಲ್ಸ್ ಸಿಗುತ್ತವೆ, ಸ್ಪೇರ್ ಪಾರ್ಟ್ಸ್‌ಗೆ ಜೆಸಿ ರಸ್ತೆ ಇದ್ದೇ ಇದೆ.

ಮೊದಲು ಜೀವದ ಮಾತು

ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಎಂಜಿನ್‌ನಲ್ಲಿ ಇಂಜೆಕ್ಟರ್‌ಗೆ ಹೋಗುವ ಲೋಹದ ಪೈಪಿನೊಳಗೆ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಅಲ್ಲಿಂದ ಸಣ್ಣಗೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಎಂಜಿನ್ ಓಡುವಾಗ ಲೀಕ್ ಹುಡುಕಲು ಬೆರಳು ಇಡಬೇಡಿ, ಆ ಪೈಪಿನ ನಟ್ ಸಡಿಲಿಸಬೇಡಿ. ಕಾಮನ್ ರೈಲ್‌ಗಿಂತ ಹಿಂದಿನ ಗಾಡಿಗಳಲ್ಲಿ ಏರ್ ತೆಗೆಯಲು ಇಂಜೆಕ್ಟರ್ ನಟ್ ಬಿಚ್ಚುತ್ತಿದ್ದ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಅಕಸ್ಮಾತ್ ಚುಚ್ಚಿದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಬೇಕೇ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡಬೇಡಿ, ಹೊಗೆ ಅಲ್ಲೇ ಕೂರುತ್ತದೆ. ಗಾಡಿಯನ್ನು ಮೇಲೆ, ಗಾಳಿ ಆಡುವ ಕಡೆ ತಂದುಕೊಳ್ಳಿ. ರೇಡಿಯೇಟರ್ ಫ್ಯಾನ್ ಎಂಜಿನ್ ನಿಲ್ಲಿಸಿದ ಮೇಲೂ ತಟ್ಟನೆ ತಿರುಗಬಹುದು, ಕೈ ದೂರ ಇರಲಿ.

ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ

ಇದರಲ್ಲಿ ಎರಡು ಜಾತಿ. ಸೆಲ್ಫ್ ಎಳೆದೂ ಎಳೆದೂ ಸುಸ್ತಾಗಿ ತಿರುಗುವುದು ಒಂದು. ಸೆಲ್ಫ್ ಜೋರಾಗಿ ತಿರುಗಿದರೂ ಎಂಜಿನ್ ಹಿಡಿಯದೆ ಇರುವುದು ಇನ್ನೊಂದು. ಇವೆರಡನ್ನು ಬೆರೆಸಿದರೆ ದಿನವೆಲ್ಲ ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ಸೆಲ್ಫ್ ನಿಧಾನ ಇದ್ದರೆ ಬ್ಯಾಟರಿ ಕಡೆ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಸುಮಾರು ಅರ್ಧ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ. 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದಣಿದಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು, ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಆಲ್ಟರ್ನೇಟರ್ ಅದನ್ನು ತುಂಬಿಸುವುದಿಲ್ಲ. ವೋಲ್ಟೇಜ್ ಎಲ್ಲ ಸರಿ ಇದೆ, ಆದರೂ ಸೆಲ್ಫ್ ನಿಧಾನ ಅಂದರೆ ಟರ್ಮಿನಲ್ ಬಿಚ್ಚಿ ಬೂಷ್ಟು ಹಿಡಿದಂತೆ ಕೂತ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು ಒರೆಸಿ, ಬಿಗಿ ಮಾಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಆಮೇಲೆ ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಹೋಗುವ ಅರ್ಥ್ ವೈರ್ ನೋಡಿ. ವಯಸ್ಸಾದ ಗಾಡಿಯಲ್ಲಿ ಇದು ಒಳಗೊಳಗೇ ತುಕ್ಕು ಹಿಡಿದಿರುತ್ತದೆ. ಇಷ್ಟೆಲ್ಲ ಆದ ಮೇಲೆ ಸೆಲ್ಫ್ ಮೋಟಾರ್ ಬಗ್ಗೆ ಯೋಚಿಸಿ.

ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಮಾತ್ರ ಹಿಡಿಯದಿದ್ದರೆ ಡೀಸೆಲ್ ಬರುತ್ತಿಲ್ಲ, ಇಲ್ಲವೇ ಏರ್ ಹಿಡಿದಿದೆ. ನಿಮ್ಮ ಗಾಡಿಯ ಫಿಲ್ಟರ್ ಹತ್ತಿರ ಕೈಪಂಪು ಅಥವಾ ರಬ್ಬರ್ ಉಂಡೆ ಇದ್ದರೆ, ಸ್ಟಾರ್ಟ್ ಮಾಡುವ ಮುಂಚೆ ಅದು ಗಟ್ಟಿಯಾಗುವ ತನಕ ಒತ್ತಿ. ಒತ್ತಿದ ಮೇಲೆ ತಕ್ಷಣ ಸ್ಟಾರ್ಟ್ ಆದರೆ ರಾತ್ರಿ ಎಲ್ಲಿಂದಲೋ ಗಾಳಿ ಒಳಗೆ ಹೋಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ ಅಂತ ಅರ್ಥ. ಫಿಲ್ಟರ್ ಮುಚ್ಚಳದ ಓ-ರಿಂಗ್, ಹಳೇ ರಬ್ಬರ್ ಪೈಪಿನ ತುದಿ, ಕ್ಲಿಪ್ ಇವೇ ಕಾರಣ. ಡೀಸೆಲ್ ಹೊರಗೆ ಸುರಿಯದೆ ಗಾಳಿ ಮಾತ್ರ ಒಳಗೆ ಹೋಗುವ ಲೀಕ್ ಇರಬಹುದು, ಅದಕ್ಕೇ ನೆಲದ ಮೇಲೆ ತೊಟ್ಟು ಕಾಣದಿದ್ದರೂ ಬಿಡಬೇಡಿ.

ಮಳೆಗಾಲದಲ್ಲಿ ಡೀಸೆಲ್‌ಗೆ ನೀರು ಸೇರುವುದೂ ಇದೆ. ಫಿಲ್ಟರ್ ತಳದ ಡ್ರೈನ್ ತಿರುಪು ಸಡಿಲಿಸಿ ಸ್ವಲ್ಪ ಗಾಜಿನ ಬಾಟಲಿಗೆ ಬಿಟ್ಟು, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಒಂದೆರಡು ಹನಿಯಾದರೆ ಡ್ರೈನ್ ಮಾಡಿದರೆ ಸಾಕು. ಬಾಟಲಿ ತುಂಬ ನೀರು ಬಂದರೆ ಸೆಲ್ಫ್ ಹೊಡೆಯುವುದನ್ನು ಅಲ್ಲೇ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ, ಯಾಕಂದರೆ ಹೈ ಪ್ರೆಶರ್ ಪಂಪು ಮತ್ತು ಇಂಜೆಕ್ಟರ್‌ಗಳಿಗೆ ಜಾರಿಕೆ ಕೊಡುವುದೇ ಡೀಸೆಲ್, ನೀರು ಹೋದರೆ ಅವು ಉಜ್ಜಿ ಹಾಳಾಗುತ್ತವೆ.

ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಬಗ್ಗೆ ಎಲ್ಲರೂ ಮೊದಲು ಮಾತಾಡುತ್ತಾರೆ, ಆದರೆ ನಮ್ಮ ಊರಲ್ಲಿ ಜನವರಿಯ ಬೆಳಿಗ್ಗೆಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತದೆ. ಇಷ್ಟು ಚಳಿಗೆ ಒಂದು ಗ್ಲೋ ಪ್ಲಗ್ ಹೋಗಿದ್ದರೆ ಸ್ಟಾರ್ಟ್ ಆಗಿ ಒಂದು ನಿಮಿಷ ನಡುಗಿ ಬಿಳಿ ಹೊಗೆ ಬಿಡುತ್ತದೆ ಅಷ್ಟೇ, ಪೂರ್ತಿ ಸ್ಟಾರ್ಟೇ ಆಗದಿರುವುದು ಕಡಿಮೆ. ತೆಗೆಯುವಾಗ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಒಳಗೇ ಮುರಿದರೆ ಹೆಡ್ ಇಳಿಸುವ ಕೆಲಸ ಬರುತ್ತದೆ. ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಬೇಡವೇ ಬೇಡ, ಕಾದ ಗ್ಲೋ ಪ್ಲಗ್ ತಾಗಿ ಹೊತ್ತಿಕೊಂಡರೆ ಎಂಜಿನ್ ಒಳಗೇ ಸಿಡಿಯಬಹುದು.

ಅಂಡರ್‌ಪಾಸ್ ನೀರಿನಲ್ಲಿ ಆಫ್ ಆದ ಗಾಡಿಯ ಮಾತೇ ಬೇರೆ. ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಒಂದೇ ಸೆಲ್ಫ್‌ಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಟೋ ಮಾಡಿಸಿ.

ಫ್ಲೈಓವರ್ ಏರಲು ಒದ್ದಾಡುತ್ತದೆ, ಪಿಕಪ್ ಇಲ್ಲ

ಹೆಬ್ಬಾಳ ಫ್ಲೈಓವರ್ ಹತ್ತುವಾಗ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಗುತ್ತಿದ್ದ ಗಾಡಿ ಎರಡಕ್ಕೆ ಇಳಿಸು ಅಂತ ಕೇಳಿದರೆ, ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಬೆಂಗಳೂರಿನ ಮೆಟ್ರೋ ಕೆಲಸದ ಧೂಳಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಫಿಲ್ಟರ್ ಬಾಳುತ್ತದೆ ಅಂತ ನಂಬಬೇಡಿ. ಡಬ್ಬಿಯೊಳಗೆ ಇಲಿ ಗೂಡು ಕಟ್ಟಿರುವುದೂ ಉಂಟು, ಹಾಗಿದ್ದರೆ ಸುತ್ತಲಿನ ವೈರ್ ಕಡಿದಿದೆಯಾ ಅಂತಲೂ ನೋಡಿ.

ಫಿಲ್ಟರ್ ಸರಿ ಇದ್ದರೆ ಟರ್ಬೊ ಹೋಸ್. ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಪೈಪುಗಳು ಬಿಸಿ ತಿಂದು ತಿಂದು ಒಳಮೈ ಸೀಳಿರುತ್ತವೆ. ಗಾಡಿ ನಿಂತಾಗ ಸೀಳು ಕಾಣುವುದಿಲ್ಲ, ಆಕ್ಸಿಲರೇಟರ್ ಒತ್ತಿದಾಗ ಒತ್ತಡಕ್ಕೆ ಬಾಯಿ ಬಿಡುತ್ತದೆ. ಲಕ್ಷಣ ಮೂರೂ ಒಟ್ಟಿಗೇ ಬರುತ್ತವೆ: ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ, ಬಾನೆಟ್ ಒಳಗಿಂದ ಗಾಳಿ ನುಗ್ಗುವ ಶಬ್ದ. ಎಂಜಿನ್ ತಣ್ಣಗಾದ ಮೇಲೆ ಪೈಪಿನ ಸುತ್ತ, ಮುಖ್ಯವಾಗಿ ಕೆಳಮೈಯಲ್ಲಿ, ಬಟ್ಟೆ ಒರೆಸಿ ಹೊಸದಾಗಿ ಆಯಿಲ್ ಒಸರಿದ ಗುರುತು ಹುಡುಕಿ. ಒಳಗೆ ತೆಳುವಾಗಿ ಆಯಿಲ್ ಇದ್ದರೆ ಹೆದರಬೇಡಿ, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ಅಷ್ಟು ಬರುತ್ತದೆ. ಸುರಿಯುವಷ್ಟು ಇದ್ದರೆ ಟರ್ಬೊ ಸೀಲ್ ಬಗ್ಗೆ ಯೋಚಿಸಬೇಕು. ಟರ್ಬೊ ಹೋಯಿತು ಅಂತ ಹೊಸ ಟರ್ಬೊ ಹಾಕಿಸಿ, ಕೊನೆಗೆ ಹರಿದ ಹೋಸೇ ಕಾರಣ ಅಂತ ಗೊತ್ತಾದವರು ಇದ್ದಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಟರ್ಬೊಗೆ ಹೋಗುವ ಬಳಪದಷ್ಟು ದಪ್ಪದ ವ್ಯಾಕ್ಯೂಮ್ ಪೈಪು ಒಡೆದಿದ್ದರೂ ಇದೇ ತೊಂದರೆ ಬರಬಹುದು. ಅದೂ ಕೆಲವೇ ರೂಪಾಯಿಯ ಸಾಮಾನು.

ಹೈವೇಯಲ್ಲಿ ಜೋರಾಗಿ ಹೋಗುವಾಗ ಮಾತ್ರ ಎಳೆತ ಕಡಿಮೆಯಾಗಿ, ನಿಧಾನ ಮಾಡಿದರೆ ಸರಿಹೋಗುತ್ತಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಕಡಿಮೆ ಆರ್‌ಪಿಎಂನಲ್ಲಿ ಎಳೆದೂ ಎಳೆದೂ ಹೋಗುತ್ತದೆ, ಮೈಲೇಜೂ ಬಿದ್ದಿದೆ ಅಂದರೆ ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತಿರಬಹುದು. ಸಿಲ್ಕ್ ಬೋರ್ಡ್ ಕಡೆ ದಿನಾ ಆಮೆಗತಿಯಲ್ಲಿ ಓಡುವ ಗಾಡಿಗೆ ಈ ಮಸಿ ಬೇಗ ಕೂರುತ್ತದೆ. ಬಿಚ್ಚಿ ಕಾರ್ಬನ್ ಕ್ಲೀನರ್ ಹಾಕಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಇಜಿಆರ್‌ಗೆ ತಗಡು ಹಾಕಿ ಮುಚ್ಚುವ ಸಲಹೆಗೆ ಮಾತ್ರ ಕಿವಿ ಕೊಡಬೇಡಿ. ಹೊಗೆಯಲ್ಲಿ ವಿಷ ಜಾಸ್ತಿಯಾಗುತ್ತದೆ, ಕಾನೂನಿಗೂ ವಿರುದ್ಧ.

ಇನ್ನು ಎಂಜಿನ್ ಚೆನ್ನಾಗಿದ್ದು ಕ್ಲಚ್ ಜಾರುತ್ತಿದ್ದರೂ ಪಿಕಪ್ ಇಲ್ಲ ಅಂತಲೇ ಅನ್ನಿಸುತ್ತದೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹೋಗಿ ಸ್ಪೀಡ್ ಹಾಗೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಅರ್ಧ ಕ್ಲಚ್‌ನಲ್ಲೇ ಸಿಗ್ನಲ್ ದಾಟುವ ನಮ್ಮ ಊರಿನ ಗಾಡಿಗಳಿಗೆ ಇದು ಬಂದೇ ಬರುತ್ತದೆ. ಗೇರ್‌ಬಾಕ್ಸ್ ಇಳಿಸುವ ಕೆಲಸ, ಮನೆಯಲ್ಲಿ ಬೇಡ.

ಹೊಗೆ ಬರುತ್ತಿದೆ

ಬಣ್ಣ ನೋಡಿ. ಕಪ್ಪು ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಮೇಲೆ ಹೇಳಿದ ಫಿಲ್ಟರ್, ಹೋಸ್, ಇಜಿಆರ್ ಇದೇ ಸಾಲಿನಲ್ಲಿ ನೋಡಿ, ಕೊನೆಗೆ ಇಂಜೆಕ್ಟರ್. ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆದರೂ ಇದೇ ಸಾಲು.

ಬಿಳಿ ಹೊಗೆ ಬೆಳಿಗ್ಗೆ ಸ್ವಲ್ಪ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದರೆ ವಾಸನೆ ನೋಡಿ. ಕಣ್ಣು ಉರಿಯುವ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಒಂದು ಇಂಜೆಕ್ಟರ್ ಸರಿಯಿಲ್ಲ ಅಥವಾ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಅದುಮುವ ಒತ್ತಡ ಕಡಿಮೆ. ಸಿಹಿ ವಾಸನೆ ಇದ್ದು ಕೂಲಂಟೂ ಇಳಿಯುತ್ತಿದ್ದರೆ ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ, ಓಡಿಸಬೇಡಿ.

ನೀಲಿ ಹೊಗೆ ಆಯಿಲ್ ಉರಿಯುತ್ತಿರುವ ಗುರುತು. ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಅಲ್ಲೇ ಇಡಿ. ಸ್ವಲ್ಪ ಕುಣಿದರೆ ಸರಿ. ಹಾರಿಬೀಳುವಷ್ಟು ಒತ್ತಡ, ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆದರೆ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ ಹೀಗೇ ಆಗುತ್ತದೆ, ಅದನ್ನು ತೊಳೆದು ಇನ್ನೊಮ್ಮೆ ನೋಡಿ. ಎಂಜಿನ್ ಕೆಲಸ ಅಂತ ಒಪ್ಪಿಕೊಳ್ಳುವ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿಯನ್ನು ಕಾಗದದಲ್ಲಿ ಕೇಳಿ.

ಒಂದು ಅಪಾಯ ಗೊತ್ತಿರಲಿ. ಟರ್ಬೊ ಸೀಲ್ ಪೂರ್ತಿ ಹೋದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ತಾನಾಗಿ ರೇಸ್ ಆಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಐದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿ. ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ ತೆಗೆದು ಬಗ್ಗಿ ನೋಡಬೇಡಿ.

ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದೆ

ಗಾಡಿ ಪಕ್ಕಕ್ಕೆ ಹಾಕಿ, ಎಸಿ ಆಫ್ ಮಾಡಿ, ಎಂಜಿನ್ ನಿಲ್ಲಿಸಿ. ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ.

ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೂಲಂಟ್ ಅದಕ್ಕಿಂತ ಬಿಸಿಯಾದರೂ ಕುದಿಯದಂತೆ ಹಿಡಿದಿಡುವುದರಲ್ಲಿ ಆ ಮುಚ್ಚಳದ ಒತ್ತಡದ ಪಾಲು ದೊಡ್ಡದು. ಅದರ ರಬ್ಬರ್ ಗಟ್ಟಿಯಾಗಿದ್ದರೆ ಕೂಲಂಟ್ ಬೇಗ ಕುದಿದು ಹೊರಗೆ ಹೋಗುತ್ತದೆ. ಹಾಗಾಗಿ ಮೊದಲು ಮುಚ್ಚಳ ಬದಲಿಸಿ, ಅದು ತುಂಬ ಅಗ್ಗ.

ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗಿ ಓಡುವಾಗ ಇಳಿದರೆ ಫ್ಯಾನ್ ತಿರುಗುತ್ತಿಲ್ಲ. ಫ್ಯೂಸ್, ರಿಲೇ ನೋಡಿ. ಎಸಿ ಹಾಕಿದಾಗ ಫ್ಯಾನ್ ಬಂದರೆ ಮೋಟಾರ್ ಸರಿ ಇದೆ. ಹೈವೇಯಲ್ಲಿ, ಘಾಟಿಯಲ್ಲಿ ಮಾತ್ರ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ಬಿಸಿಯಾದಾಗ ರೇಡಿಯೇಟರ್‌ಗೆ ಕೂಲಂಟ್ ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಬೋರ್‌ವೆಲ್ ನೀರು ಹಾಕುವುದೇ ರೇಡಿಯೇಟರ್‌ಗೆ ದೊಡ್ಡ ಶತ್ರು. ನಿಮ್ಮ ಬಚ್ಚಲ ನಲ್ಲಿಯಲ್ಲಿ ಕೂರುವ ಬಿಳಿ ಪದರವೇ ಅದರೊಳಗೂ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಮಾತ್ರ ಹಾಕಿ. ಥರ್ಮೋಸ್ಟಾಟ್ ತೆಗೆದು ಬಿಸಾಡುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಆಗ ಎಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ, ಮೈಲೇಜ್ ಬೀಳುತ್ತದೆ, ಮಸಿ ಹೆಚ್ಚುತ್ತದೆ.

ಕೂಲಂಟ್ ಇಳಿಯುತ್ತದೆ ಆದರೆ ಲೀಕ್ ಕಾಣುವುದಿಲ್ಲ ಅಂದರೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದಾ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತದಾ ನೋಡಿ. ಹೌದಾದರೆ ಹೆಡ್ ಗ್ಯಾಸ್ಕೆಟ್. ಅಲ್ಲಿಂದ ಮುಂದೆ ಗ್ಯಾರೇಜಿಗೆ, ಅದೂ ಟೋ ಮಾಡಿಸಿಕೊಂಡು.

ಆಯಿಲ್ ಮಟ್ಟ ಏರುತ್ತಿದೆ, ಇಳಿಯುತ್ತಿದೆ

ಹೊಸ ಆಯಿಲ್ ಹಾಕಿ ಎರಡೇ ದಿನಕ್ಕೆ ಕಪ್ಪಾಯಿತು ಅಂತ ಗಾಬರಿ ಬೀಳುವವರು ಬಹಳ. ಡೀಸೆಲ್‌ನಲ್ಲಿ ಅದು ಸಹಜ, ಮಸಿಯನ್ನು ಹಿಡಿದಿಡುವುದು ಆಯಿಲ್‌ನ ಕೆಲಸ. ಇಳಿಯುತ್ತಿದ್ದರೆ ಮೊದಲು ಹೊರಗಿನ ಒಸರು ನೋಡಿ, ಆಮೇಲೆ ನೀಲಿ ಹೊಗೆ.

ಮಟ್ಟ ಏರುವುದು ಇನ್ನೂ ಗಂಭೀರ. 2020ರ ನಂತರದ ಬಿಎಸ್6 ಡೀಸೆಲ್ ಗಾಡಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದು ಆಗಾಗ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬಳಸುತ್ತದೆ. ಹತ್ತಿರದ ಓಡಾಟವೇ ಆದರೆ ಸುಡುವ ಕೆಲಸ ಅರ್ಧಕ್ಕೇ ನಿಂತು, ಆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮ್ಯಾಕ್ಸ್ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಓಡಿಸಬೇಡಿ, ಆಯಿಲ್ ಬದಲಿಸಿ. ಇಂಥ ಗಾಡಿಯನ್ನು ಆಗಾಗ ನೈಸ್ ರಸ್ತೆಗೋ ತುಮಕೂರು ರಸ್ತೆಗೋ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಆಯಿಲ್ ಕೂಡ ಪುಸ್ತಕದಲ್ಲಿ ಹೇಳಿದ ಡಿಪಿಎಫ್ ದರ್ಜೆಯದೇ ಆಗಬೇಕು.

ಆಯಿಲ್ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಕೂಲಂಟ್ ಸೇರಿದೆ. ಸ್ಟಾರ್ಟ್ ಮಾಡಬೇಡಿ. ಆಯಿಲ್ ಪ್ರೆಶರ್ ಕೆಂಪು ದೀಪ ಹತ್ತಿದರೂ ಅಷ್ಟೇ, ಮನೆ ತನಕ ಹೋಗೋಣ ಅನ್ನದೆ ತಕ್ಷಣ ಆಫ್ ಮಾಡಿ.

ಹೊಸ ಶಬ್ದ

ಮಾರುತಿಯ 1.3 ಡೀಸೆಲ್ ಎಂಜಿನ್‌ನಲ್ಲಿ ಇರುವುದು ಟೈಮಿಂಗ್ ಚೈನ್. ತಣ್ಣಗೆ ಸ್ಟಾರ್ಟ್ ಆದಾಗ ಕ್ಷಣಕಾಲ ಗಲಗಲ ಅಂದು ನಿಂತರೆ ಆಯಿಲ್ ಮಟ್ಟ, ಆಯಿಲ್ ದರ್ಜೆ ನೋಡಿ ಗಮನದಲ್ಲಿಡಿ. ನಿಲ್ಲದೆ ಬರುತ್ತಿದ್ದರೆ ಚೈನ್, ಟೆನ್ಷನರ್ ನೋಡಿಸಲೇಬೇಕು. 1.5 ಡೀಸೆಲ್ ಡಸ್ಟರ್‌ನಲ್ಲಿ, ಹಳೇ 2.5 ಇನ್ನೋವಾದಲ್ಲಿ ಇರುವುದು ಬೆಲ್ಟ್. ಬೆಲ್ಟ್ ಶಬ್ದ ಮಾಡಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಹರಿದು ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆಯುತ್ತವೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ, ಬದಲಿಸಿದ ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ತಿಳಿದು ಹಾಕಿಸಿ. ಮೀಟರ್ ಕಿಲೋಮೀಟರನ್ನು ಸುಮ್ನೆ ನಂಬಬೇಡಿ.

ಇಂಜೆಕ್ಟರ್ ಬುಡದಿಂದ ಚಫ್ ಚಫ್ ಶಬ್ದ, ಸುತ್ತ ಟಾರಿನಂಥ ಕಪ್ಪು ಅಂಟು ಕಂಡರೆ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ಬೇಗ ಹೋದರೆ ವಾಷರ್‌ನಲ್ಲೇ ಮುಗಿಯುತ್ತದೆ, ಬಿಟ್ಟರೆ ಇಂಜೆಕ್ಟರ್ ಕಿತ್ತು ಬರುವುದೇ ಕಷ್ಟ.

ಹಂಪ್ ಮೇಲೆ ಕಟಕಟ ಅಂದರೆ ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್. ಐಡಲ್‌ನಲ್ಲಿ ಸ್ಟಿಯರಿಂಗ್ ನಡುಗಿ ಓಡುವಾಗ ಸರಿಹೋದರೆ ಎಂಜಿನ್ ಹೊತ್ತಿರುವ ರಬ್ಬರ್ ಮೌಂಟಿಂಗ್ ಕುಸಿದಿದೆ.

ಚೆಕ್ ಎಂಜಿನ್ ದೀಪ ಹತ್ತಿದೆ

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಒಂದನ್ನು ತಗೊಂಡು ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಅಳಿಸುವ ಆತುರ ಬೇಡ. ಕೋಡ್ ಹೇಳುವುದು ಯಾವ ಕಡೆ ನೋಡಬೇಕು ಅಂತ, ಯಾವ ಸಾಮಾನು ಬದಲಿಸಬೇಕು ಅಂತಲ್ಲ. ಪಿ0299 ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ, ಅಂದರೆ ಹೋಸ್‌ನಿಂದ ಶುರು ಮಾಡಿ. ಪಿ0087 ರೈಲ್ ಪ್ರೆಶರ್ ಕಡಿಮೆ, ಡೀಸೆಲ್ ಫಿಲ್ಟರ್ ಮತ್ತು ಏರ್ ಲೀಕ್‌ನಿಂದ ಶುರು ಮಾಡಿ. ಪಿ0401 ಇಜಿಆರ್, ಪಿ0380 ಗ್ಲೋ ಪ್ಲಗ್ ಸರ್ಕ್ಯೂಟ್.

ಇಷ್ಟು ನೋಡಿಯೂ ಇಂಜೆಕ್ಟರ್ ಅನುಮಾನ ಉಳಿದರೆ ಡೀಸೆಲ್ ಪಂಪ್ ಕೆಲಸ ಮಾಡುವವರ ಹತ್ತಿರ ಹೋಗಿ ಲೀಕ್ ಆಫ್ ಟೆಸ್ಟ್ ಕೇಳಿ. ನಾಲ್ಕೂ ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದರೆ, ಯಾವುದು ಬೇಗ ತುಂಬುತ್ತದೋ ಅದು ಸವೆದಿದೆ. ಒಂದು ಹೋಗಿದ್ದರೆ ಒಂದನ್ನೇ ಬದಲಿಸಲು ಕೇಳಿ. ಹೊಸದು ಹಾಕಿದ ಮೇಲೆ ಹಲವು ಗಾಡಿಗಳಲ್ಲಿ ಅದರ ಮೇಲಿನ ಕೋಡನ್ನು ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ ಹಾಕಬೇಕಾಗುತ್ತದೆ. ಹಾಕಿದರಾ ಅಂತ ಕೇಳಿಯೇ ಗಾಡಿ ತಗೊಳ್ಳಿ, ಬಿಚ್ಚಿದ ಹಳೇ ಇಂಜೆಕ್ಟರನ್ನೂ ಜೊತೆಗೆ ಇಸಿದುಕೊಳ್ಳಿ.